ಹತ್ತು ಅಂಕದ ಹಳೆ ವಿದ್ಯಾರ್ಥಿ

ನಮ್ಮ ಪದವಿ ಕಾಲೇಜುಗಳಿಗೆ ಹಳೆ ವಿದ್ಯಾರ್ಥಿಗಳ ಮೇಲೆ ಪ್ರೀತಿ ಉಕ್ಕುವುದು ಐದು ವರ್ಷಕ್ಕೊಮ್ಮೆ, ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ತಂಡ ಬರುವ ಮುಂಚಿನ ಎರಡು ತಿಂಗಳು. 1994ರಲ್ಲಿ ಹುಟ್ಟಿ ಬೆಂಗಳೂರಿನ ನಾಗರಭಾವಿಯಲ್ಲಿ ನೆಲೆಸಿರುವ ಈ ಸಂಸ್ಥೆ 2017ರಲ್ಲಿ ತಂದ 1000 ಅಂಕಗಳ ಪಟ್ಟಿಯಲ್ಲಿ 5.4 ಅಂತ ಒಂದು ಕಲಂ ಇದೆ: ಹಳೆ ವಿದ್ಯಾರ್ಥಿಗಳ ಒಡನಾಟ. ಅದಕ್ಕೆ 10 ಅಂಕ. ಹತ್ತೇ ತಾನೇ ಅನ್ನಬೇಡಿ. ಕಾಲೇಜಿನ ಲೆಕ್ಕದಲ್ಲಿ ಅಲ್ಲಿ ಓದಿ ಹೋದ ಅಷ್ಟೂ ಜನರ ಒಟ್ಟು ಬೆಲೆ ಅದು.

ಆ ಅಂಕಕ್ಕೆ ಮೊದಲು ಹಳೆ ವಿದ್ಯಾರ್ಥಿ ಸಂಘ ನೋಂದಣಿಯಾಗಬೇಕು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಏಳು ಜನ ಸಾಕು. ಏಳು ಜನರನ್ನು ಹುಡುಕಿಕೊಂಡು ಊರೂರು ಅಲೆಯಬೇಕಿಲ್ಲ. ಇಲ್ಲೇ ಓದಿ, ಇಲ್ಲೇ ಅತಿಥಿ ಉಪನ್ಯಾಸಕರಾದವರು ಸ್ಟಾಫ್ ರೂಮಿನಲ್ಲೇ ಸಿಗುತ್ತಾರೆ. ಗೌರವಧನದ ಬಿಲ್ಲು ಪ್ರಾಂಶುಪಾಲರ ಮೇಜಿನ ಮೇಲಿರುವಾಗ ಬೈಲಾಗೆ ಸಹಿ ಹಾಕಲ್ಲ ಅನ್ನುವವರುಂಟೆ? ತೊಡಕು ಬರುವುದು ಆಮೇಲೆ. ಪ್ರತಿವರ್ಷ ಪದಾಧಿಕಾರಿಗಳ ಪಟ್ಟಿ, ಲೆಕ್ಕಪತ್ರ ಸಲ್ಲಿಸಬೇಕು ಅನ್ನುವುದು ಯಾರಿಗೂ ನೆನಪಿರುವುದಿಲ್ಲ. ಕೊನೆಗೆ ಐದು ವರ್ಷದ ವಾರ್ಷಿಕ ಸಭೆಗಳ ನಡಾವಳಿಯನ್ನು ಒಂದೇ ಸಂಜೆ ಬರೆಯಬೇಕಾಗುತ್ತದೆ. ಆಗ ಎರಡು ಎಚ್ಚರ ಬೇಕು. ಐದೂ ವರ್ಷಕ್ಕೆ ಒಂದೇ ಜೆಲ್ ಪೆನ್ ಬಳಸಬಾರದು. ಕೋವಿಡ್‌ನಲ್ಲಿ ತೀರಿಕೊಂಡವರು 2022ರಲ್ಲಿ ಅನುಮೋದಿಸಬಾರದು.

ಇನ್ನು ದೇಣಿಗೆ. ನ್ಯಾಕ್‌ಗೆ ಕೊಡುವ ವರ್ಷದ ವರದಿಯಲ್ಲಿ ಹಳೆ ವಿದ್ಯಾರ್ಥಿಗಳ ಕೊಡುಗೆಗೆ ಐದು ಮೆಟ್ಟಿಲು. 5 ಲಕ್ಷ ಮತ್ತು ಮೇಲ್ಪಟ್ಟು ಎಂಬುದು ತುದಿ, 1 ಲಕ್ಷಕ್ಕಿಂತ ಕಡಿಮೆ ಎಂಬುದು ಬುಡ. ಸೊನ್ನೆ ರೂಪಾಯಿಯೂ 1 ಲಕ್ಷಕ್ಕಿಂತ ಕಡಿಮೆಯೇ ಆದ್ದರಿಂದ ಏನೂ ಕೊಡದವರಿಗೂ ಪಟ್ಟಿಯಲ್ಲಿ ಜಾಗವುಂಟು. ಒಂದು ಮೆಟ್ಟಿಲು ಹತ್ತಬೇಕೆಂದರೆ ಟಿಸಿ ಕೌಂಟರ್ ಇದೆ. ನೋ ಡ್ಯೂ ಫಾರ್ಮಿನಲ್ಲಿ ಗ್ರಂಥಾಲಯ, ಪ್ರಯೋಗಾಲಯ, ಕ್ರೀಡಾ ವಿಭಾಗದ ಕೆಳಗೆ ಇನ್ನೊಂದು ಗೆರೆ: ಹಳೆ ವಿದ್ಯಾರ್ಥಿ ಸಂಘದ ಆಜೀವ ಸದಸ್ಯತ್ವ. ತಲೆಗೆ 250 ರೂಪಾಯಿಯಂತೆ 400 ಮಕ್ಕಳೆಂದರೆ ಸರಿಯಾಗಿ 1 ಲಕ್ಷ. ಹುಡುಗ ಇನ್ನೂ ಹಳಬನಾಗಿಲ್ಲ, ಟಿಸಿ ಕೈಗೆ ಬಂದಿಲ್ಲ, ಆಗಲೇ ಮಾತೃಸಂಸ್ಥೆಗೆ ಕೊಡುಗೈ ದಾನಿ! ಈ ದುಡ್ಡನ್ನು ಗುಮಾಸ್ತರು ಅಭ್ಯಾಸಬಲದಿಂದ ಕಾಲೇಜಿನ ಖಾತೆಗೆ ಕಟ್ಟಿಬಿಟ್ಟರೆ ಎಲ್ಲ ಹಾಳು. ಪರಿಶೀಲನೆಯವರು ಲೆಕ್ಕ ಪರಿಶೋಧನೆಯಾದ ಪಟ್ಟಿ ಕೇಳುತ್ತಾರೆ, ಅದರಲ್ಲಿ ಕೊಡುಗೆಯ ಸಾಲು ಎದ್ದು ಕಾಣಬೇಕು.

ಕಾಲೇಜಿನ ಕಣ್ಣೆಲ್ಲ ಇರುವುದು ಅಮೆರಿಕದಲ್ಲಿರುವವನ ಮೇಲೆ. ಊರಿನಲ್ಲೇ ಇರುವ ನರ್ಸು, ಪಿಡಿಒ, ಬಸ್ ಕಂಡಕ್ಟರ್ ಕಾಲೇಜಿನ ಲೆಕ್ಕಕ್ಕಿಲ್ಲ. ಆ ಅಮೆರಿಕದವನೋ ಹತ್ತು ವರ್ಷ ಮೇಲಿಂದ ಮೇಲೆ ಮೇಲ್ ಹಾಕಿದ್ದ, ಯಾರೂ ಉತ್ತರ ಕೊಡಲಿಲ್ಲ. ಆಗ ಅವನ ಹತ್ತಿರ ಭಾರತದ ಪಾಸ್‌ಪೋರ್ಟ್ ಇತ್ತು. ಸ್ವಂತ ಉಳಿತಾಯದ ಹಣವನ್ನು ಬ್ಯಾಂಕ್ ಮೂಲಕ ಕಳಿಸಿದ್ದರೆ ಅದು ವಿದೇಶಿ ದೇಣಿಗೆ ಅನ್ನಿಸಿಕೊಳ್ಳುತ್ತಿರಲಿಲ್ಲ. ಗ್ರೀನ್ ಕಾರ್ಡ್ ಬಂದ ಮೇಲೂ ಅಡ್ಡಿಯಿರಲಿಲ್ಲ. ಕಾಲೇಜು ಅವನನ್ನು ನೆನೆಸಿಕೊಳ್ಳುವ ಹೊತ್ತಿಗೆ ಅವನು ಅಲ್ಲಿಯ ಪೌರನಾಗಿರುತ್ತಾನೆ. ಈಗ ಕೈಯಲ್ಲಿ ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವ ಒಸಿಐ ಕಾರ್ಡ್ ಹಿಡಿದಿದ್ದರೂ ಕಾನೂನಿನ ಕಣ್ಣಿಗೆ ವಿದೇಶಿ ಮೂಲ. ಅವನ ಹಣ ಪಡೆಯಲು ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ, ಅಂದರೆ ಎಫ್‌ಸಿಆರ್‌ಎ ನೋಂದಣಿ ಬೇಕು, ನವದೆಹಲಿಯ ಸಂಸದ್ ಮಾರ್ಗದ ಸ್ಟೇಟ್ ಬ್ಯಾಂಕ್ ಶಾಖೆಯಲ್ಲಿ ಖಾತೆ ಬೇಕು. ನೋಂದಣಿಗೆ ಸಂಘ ಮೂರು ವರ್ಷ ಹಳೆಯದಾಗಿದ್ದು, ಆ ಮೂರು ವರ್ಷದಲ್ಲಿ 15 ಲಕ್ಷ ಖರ್ಚು ಮಾಡಿರಬೇಕು. ನಮ್ಮ ಸಂಘ ಈವರೆಗೆ ಖರ್ಚು ಮಾಡಿರುವುದು ಉಪ್ಪಿಟ್ಟು ಕೇಸರಿಬಾತಿಗೆ.

ಸಂಪರ್ಕದ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಕೋರ್ಸ್ ಮುಗಿದ ಮರುತಿಂಗಳೇ ನಿಲ್ಲಿಸಿದ ಕಾಲೇಜು ಇಮೇಲ್ ವಿಳಾಸಕ್ಕೇ ಆಮಂತ್ರಣ ಹೋಗುತ್ತದೆ. ಪ್ರವೇಶದ ದಿನ ಬರೆಸಿಕೊಂಡ ಫೋನ್ ನಂಬರ್ ಅಪ್ಪನದು. ಅವರು ಎತ್ತಿ, 'ಯಾವ ಲೋನು ಸ್ವಾಮಿ?' ಅಂತ ಕೇಳುತ್ತಾರೆ. ಉಳಿದದ್ದು ವಾಟ್ಸಾಪ್ ಗುಂಪು. ಅಲ್ಲಿ ದಿನಕ್ಕೆ ನಲವತ್ತು ಶುಭೋದಯ, ನಡುನಡುವೆ ಯಾರಿಗೋ ಒಂದು ಓಂ ಶಾಂತಿ.

ಸಮಾವೇಶವೇ ಇದರ ಕಳಶ. ವಿದೇಶದಲ್ಲಿರುವವರು ಬರುವುದು ಡಿಸೆಂಬರ್ ಕೊನೆಯಲ್ಲಿ, ಕೆಲಸದಲ್ಲಿರುವವರಿಗೆ ಬಿಡುವು ಭಾನುವಾರ. ಆದ್ದರಿಂದ ಕಾರ್ಯಕ್ರಮವನ್ನು ಸೆಮಿಸ್ಟರ್ ಪರೀಕ್ಷೆಯ ನಡುವಿನ ಬುಧವಾರ ಇಡಲಾಗುತ್ತದೆ. ಹತ್ತಕ್ಕೆ ಎಂದದ್ದು ಶಾಸಕರು ಬಂದ ಮೇಲೆ, ಹನ್ನೊಂದೂಮುಕ್ಕಾಲಿಗೆ. ಪ್ರಾರ್ಥನೆ, ನಾಡಗೀತೆ, ದೀಪ, ಪ್ರಾಸ್ತಾವಿಕ. ವೇದಿಕೆಯಲ್ಲಿ ಹದಿನಾಲ್ಕು ಜನ, ಒಬ್ಬೊಬ್ಬರಿಗೂ ಶಾಲು, ಪೇಟ, ಹಣ್ಣಿನ ಬುಟ್ಟಿ. ಒಂದು ಸನ್ಮಾನಕ್ಕೆ ಮೂರು ನಿಮಿಷ ಹಿಡಿದರೂ ಇಷ್ಟಕ್ಕೇ ಮುಕ್ಕಾಲು ಗಂಟೆ. ಹಳೆ ವಿದ್ಯಾರ್ಥಿಗೆ ಅನಿಸಿಕೆ ಹೇಳಲು ಎರಡು ನಿಮಿಷ. ಎರಡನೆಯ ನಿಮಿಷದಲ್ಲಿ ನಿರೂಪಕರು ಚೀಟಿ ಕೊಡುತ್ತಾರೆ. ಅವನು ತನ್ನ ಕಂಪನಿಯಲ್ಲಿ ಆರು ಹುದ್ದೆ ಖಾಲಿಯಿವೆ ಎಂದು ಹೇಳಲಿಕ್ಕೇ ಬಂದಿದ್ದ. ಕೇಳಬೇಕಾದ ಮಕ್ಕಳು ಪರೀಕ್ಷಾ ಕೊಠಡಿಯಲ್ಲಿದ್ದಾರೆ.

ನಿಜವಾದ ಕೆಲಸ ಶುರುವಾಗುವುದು ವಂದನಾರ್ಪಣೆಯ ನಂತರ. ದಾಖಲೆಗೆ ಜಿಯೋಟ್ಯಾಗ್ ಮಾಡಿದ, ಅಂದರೆ ತೆಗೆದ ಜಾಗದ ಗುರುತನ್ನು ಆ್ಯಪ್ ಒಂದು ಹಾಕಿದ ಫೋಟೋ ಬೇಕು. ಅದೇ ಸಭಾಂಗಣ, ಅದೇ ಜನ. ಹಿಂದಿನ ಫ್ಲೆಕ್ಸ್ ಮಾತ್ರ ಬದಲಾಗುತ್ತದೆ. ಒಂದರಲ್ಲಿ 'ಉದ್ಯೋಗ ಮಾರ್ಗದರ್ಶನ', ಇನ್ನೊಂದರಲ್ಲಿ 'ರಕ್ತದಾನ ಶಿಬಿರ', ಮಗದೊಂದರಲ್ಲಿ ಹೋದ ವರ್ಷದ 'ಸ್ನೇಹ ಸಮ್ಮಿಲನ'. ಅಂಗಿ ಬದಲಿಸಿ ಅಂದರೆ ಬದಲಿಸುತ್ತಾರೆ, ಗೋಡೆಯ ಕ್ಯಾಲೆಂಡರ್ ತೆಗೆಯಲು ಮರೆಯುತ್ತಾರೆ. ಅಕ್ಷಾಂಶ ರೇಖಾಂಶದ ಜೊತೆಗೆ ತಾರೀಕು, ಗಂಟೆಯನ್ನೂ ಆ ಆ್ಯಪ್ ಫೋಟೋದ ಮೇಲೇ ಅಚ್ಚೊತ್ತುತ್ತದೆ ಅನ್ನುವುದು ಗೊತ್ತಾಗುವುದು ಮೂವತ್ತೆರಡು ಪ್ರತಿ ಕಲರ್ ಪ್ರಿಂಟ್ ಬಂದಾದ ಮೇಲೆ.

ಕೊನೆಯ ಕ್ಷಣದಲ್ಲಿ ಸಾಕ್ಷಿ ಸಾಲದೆ ಬಂದರೆ ಗೇಟಿನ ಬಳಿ ಒಂದು ರಿಜಿಸ್ಟರ್ ಇದೆ. ನಕಲು ಅಂಕಪಟ್ಟಿಗೆಂದು ನಾಲ್ಕು ಸಲ ಬಂದು, 'ಸೆಕ್ಷನ್ನಿನವರು ರಜೆ, ಸೋಮವಾರ ಬನ್ನಿ' ಅನ್ನಿಸಿಕೊಂಡು ವಾಪಸಾದವರ ಹೆಸರು, ಸಹಿ, ಫೋನ್ ನಂಬರ್ ಎಲ್ಲವೂ ಅದರಲ್ಲಿ ಅಚ್ಚುಕಟ್ಟಾಗಿವೆ. 'ಉದ್ದೇಶ' ಅನ್ನುವ ಕಾಲಮ್ಮನ್ನು ಬಿಳಿ ಹಾಳೆಯಿಂದ ಮುಚ್ಚಿ ಜೆರಾಕ್ಸ್ ತೆಗೆದರೆ ಫೈಲಿಗೆ ಒಪ್ಪುವ ಶೀರ್ಷಿಕೆ ತಯಾರು: 'ಸಂಸ್ಥೆಗೆ ಪದೇ ಪದೇ ಭೇಟಿ ನೀಡುವ ಹಳೆ ವಿದ್ಯಾರ್ಥಿಗಳು'.