ಸತ್ಯಾಂಶ: ಜನ ಜಾಸ್ತಿ ಇದ್ದರೆ ಫುಟ್‌ಬಾಲ್ ಗೆಲ್ಲಬಹುದಾ?

ವಿಶ್ವಕಪ್ ಬಂತೆಂದರೆ ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ತಪ್ಪದೆ ಓಡಾಡುತ್ತದೆ: “140 ಕೋಟಿ ಜನರಲ್ಲಿ ಆಡೋಕೆ ಹನ್ನೊಂದು ಜನ ಸಿಗಲ್ವಾ?” ಓದಿದ ತಕ್ಷಣ ಹೌದಲ್ವಾ ಅನಿಸುತ್ತದೆ. ಆದರೆ ಈ ಲೆಕ್ಕವೇ ತಪ್ಪು.

ಉರುಗ್ವೆಯನ್ನು ನೋಡಿ. ಇಡೀ ದೇಶದ ಜನಸಂಖ್ಯೆ ಸುಮಾರು 35 ಲಕ್ಷ. ಬೆಂಗಳೂರಿನ ಅರ್ಧದಷ್ಟೂ ಇಲ್ಲ. 1930ರಲ್ಲಿ ಮೊಟ್ಟಮೊದಲ ವಿಶ್ವಕಪ್ ಗೆದ್ದದ್ದು ಇದೇ ದೇಶ. 1950ರಲ್ಲಿ ಬ್ರೆಜಿಲ್ ತಂಡವನ್ನು ಅವರದೇ ಮರಕಾನಾ ಮೈದಾನದಲ್ಲಿ 2-1ರಿಂದ ಸೋಲಿಸಿ ಮತ್ತೆ ಕಪ್ ಗೆದ್ದಿತು. ಅಲ್ಲಿ ಆರೇಳು ವರ್ಷದ ಮಕ್ಕಳು ‘ಬೇಬಿ ಫುಟ್‌ಬಾಲ್’ ಲೀಗ್‌ಗೆ ಸೇರುತ್ತಾರೆ. ಚಿಕ್ಕ ಮೈದಾನ, ತಮ್ಮ ಬಡಾವಣೆಯ ಕ್ಲಬ್‌ನ ಜೆರ್ಸಿ, ವಾರದ ಕೊನೆಗೆ ನಿಜವಾದ ಪಂದ್ಯ. ಹದಿಮೂರು ತುಂಬುವ ಹೊತ್ತಿಗೆ ಮಕ್ಕಳು ವರ್ಷಗಟ್ಟಲೆ ಆಡಿ ಪಳಗಿರುತ್ತಾರೆ. ಉರುಗ್ವೆಯ ಹೆಸರಾಂತ ಆಟಗಾರ ಲೂಯಿಸ್ ಸುವಾರೆಜ್ ಬೆಳೆದದ್ದೂ ಹೀಗೇ.

ಐಸ್‌ಲ್ಯಾಂಡ್ ಇನ್ನೂ ಪುಟ್ಟದು, ನಾಲ್ಕು ಲಕ್ಷ ಜನರೂ ಇಲ್ಲ. ಚಳಿಗಾಲದಲ್ಲಿ ಹೊರಗೆ ಆಡುವುದೇ ಕಷ್ಟ. ಹಾಗಾಗಿ 2000ದಿಂದ ಸೂರು ಹಾಕಿದ ದೊಡ್ಡ ಮೈದಾನಗಳನ್ನು ಕಟ್ಟಿದರು. ಪುಟ್ಟ ಮಕ್ಕಳಿಗೂ ಲೈಸೆನ್ಸ್ ಇರುವ ಕೋಚ್‌ಗಳನ್ನೇ ಇಟ್ಟರು. 2016ರ ಯೂರೋ ಕಪ್‌ನಲ್ಲಿ ಇಂಗ್ಲೆಂಡ್ ಇವರ ಕೈಲಿ ಸೋತಿತು. 2018ರಲ್ಲಿ ಇವರು ವಿಶ್ವಕಪ್ಪನ್ನೂ ಆಡಿದರು.

ಜನಬಲ, ಹಣ ಎರಡೂ ನೆರವಾಗುತ್ತವೆ, ನಿಜ. ಆದರೆ ಎಣಿಸಬೇಕಾದದ್ದು ದೇಶದ ಎಲ್ಲ ತಲೆಗಳನ್ನಲ್ಲ. ಹತ್ತು ವರ್ಷ ತುಂಬುವ ಮೊದಲೇ ಒಳ್ಳೆಯ ಕೋಚ್, ಪ್ರತಿ ವಾರ ಪಂದ್ಯ ಸಿಗುವ ಮಕ್ಕಳನ್ನು. ನಮ್ಮಷ್ಟೇ ಜನರಿರುವ ಚೀನಾದ ಗಂಡಸರ ತಂಡ 2002ರಲ್ಲಿ ವಿಶ್ವಕಪ್ ಆಡಿತು. ಮೂರೂ ಪಂದ್ಯ ಸೋತಿತು, ಒಂದೂ ಗೋಲು ಹೊಡೆಯಲಿಲ್ಲ.