ಕಷಾಯವನ್ನು ಡಾಕ್ಟರಿಂದ ಮುಚ್ಚಿಡುವುದೇಕೆ?

ನಾನು ನೆಲೆಸಿರುವ ಜಪಾನಿನಲ್ಲಿ ಕ್ಯಾನ್ಸರ್ ರೋಗಿಗೆ ಗಿಡಮೂಲಿಕೆ ಬೇಕಾದರೆ ಇನ್ನೊಬ್ಬ ವೈದ್ಯರನ್ನು ಗುಟ್ಟಾಗಿ ಹುಡುಕಬೇಕಿಲ್ಲ. ಕಿಮೋಥೆರಪಿ ಕೊಡುವ ವೈದ್ಯರೇ, ಅಗತ್ಯ ಕಂಡರೆ, ಇಲ್ಲಿನ ಸಾಂಪ್ರದಾಯಿಕ ‘ಕಂಪೋ’ ಔಷಧಿಯನ್ನೂ ಬರೆದುಕೊಡಬಹುದು: ಬಾಯಿ ಹುಣ್ಣಾದರೆ ಹಂಗೆಶಾಶಿಂತೋ, ಹಸಿವು ಕೆಟ್ಟರೆ ರಿಕ್ಕುನ್‌ಶಿತೋ, ಹೊಟ್ಟೆಯ ಶಸ್ತ್ರಚಿಕಿತ್ಸೆಯ ನಂತರ ಕರುಳು ಮಂದವಾದರೆ ದೈಕೆನ್‌ಚುತೋ. ಇಂಥ 148 ಔಷಧಿ ಮಿಶ್ರಣಗಳಿಗೆ ಸರ್ಕಾರಿ ಆರೋಗ್ಯ ವಿಮೆಯೇ ಹಣ ಕೊಡುತ್ತದೆ. ಗಡ್ಡೆಯನ್ನು ಕರಗಿಸಲೆಂದು ಇವನ್ನು ಕೊಡುವುದಿಲ್ಲ. ಚಿಕಿತ್ಸೆಯನ್ನು ತಾಳಿಕೊಳ್ಳಲಿ ಎಂದು ಕೊಡುತ್ತಾರೆ.

ನಮ್ಮಲ್ಲಿ ಹಾಗಿಲ್ಲ. ಸಾಗರ ತಾಲ್ಲೂಕಿನ ನರಸೀಪುರದಲ್ಲಿ ಮರದ ತೊಗಟೆಯ ಔಷಧಿಗಾಗಿ ದೇಶದ ಮೂಲೆಮೂಲೆಯಿಂದ ಬಂದ ರೋಗಿಗಳು ಸಾಲುಗಟ್ಟಿ ನಿಲ್ಲುತ್ತಿದ್ದುದನ್ನು ಮಲೆನಾಡಿನವರೆಲ್ಲ ಬಲ್ಲರು. ಅವರನ್ನು ಮೂಢರೆಂದು ಜರೆಯಲು ನನಗೆ ಮನಸ್ಸಿಲ್ಲ, ಏಕೆಂದರೆ ದೊಡ್ಡ ಆಸ್ಪತ್ರೆಗಳಲ್ಲಿ ಸಿಗದ ಸಮಾಧಾನದ ಮಾತು ಮತ್ತು ಕೈಗೆಟಕುವ ಖರ್ಚು, ಎರಡನ್ನೂ ಅರಸಿ ಹೋದವರು ಅವರು. ನನ್ನನ್ನು ಕಾಡುವುದು ಆಮೇಲಿನ ಮೌನ. ಬೈಸಿಕೊಳ್ಳುವ ಭಯದಿಂದ ರೋಗಿ ಕಷಾಯದ ವಿಷಯವನ್ನು ಆಸ್ಪತ್ರೆಯ ವೈದ್ಯರಿಗೆ ಹೇಳುವುದಿಲ್ಲ, ಕೋಣೆಯ ಹೊರಗೆ ರೋಗಿಗಳ ಸಾಲು ಬೆಳೆದಿರುವುದರಿಂದ ಅವರೂ ಕೇಳುವುದಿಲ್ಲ.

ಈ ಮೌನ ಅಪಾಯಕಾರಿ. ಕರುಳಿನ ಕ್ಯಾನ್ಸರಿಗೆ ಕೊಡುವ ಇರಿನೊಟೆಕಾನ್ ಜೊತೆಗೆ ಸೇಂಟ್ ಜಾನ್ಸ್ ವರ್ಟ್ ಎಂಬ ಮೂಲಿಕೆಯನ್ನು ತೆಗೆದುಕೊಂಡವರ ರಕ್ತದಲ್ಲಿ ಔಷಧಿಯ ಸಕ್ರಿಯ ಅಂಶ ಶೇ 42ರಷ್ಟು ಕುಸಿದದ್ದನ್ನು 2002ರ ಅಧ್ಯಯನವೊಂದು ತೋರಿಸಿತು. ಆ ಇರಿನೊಟೆಕಾನ್‌ಗೆ ಮೂಲವಾದ ಕ್ಯಾಂಪ್ಟೊಥೆಸಿನ್ ಎಂಬ ರಾಸಾಯನಿಕ ನಮ್ಮ ಪಶ್ಚಿಮ ಘಟ್ಟದ ದುರ್ವಾಸನೆ ಮರದಲ್ಲೂ ಇದೆ. ಅಂಗಳದ ನಿತ್ಯಪುಷ್ಪದಿಂದ ವಿನ್‌ಕ್ರಿಸ್ಟಿನ್ ಎಂಬ ಕ್ಯಾನ್ಸರ್ ಔಷಧಿ ಬಂದಿದೆ. ಗಿಡಕ್ಕೆ ಕ್ಯಾನ್ಸರನ್ನು ಎದುರಿಸುವ ಬಲವಿದೆ ಎಂದು ಒಪ್ಪಿದ ಮೇಲೆ, ಅದಕ್ಕೆ ಕೆಡುಕು ಮಾಡುವ ಬಲವೂ ಇದೆ ಎಂಬುದನ್ನು ಒಪ್ಪಲೇಬೇಕು. ಅಮೃತಬಳ್ಳಿಯನ್ನು ಸೇವಿಸಿದ ಕೆಲವರಿಗೆ ಯಕೃತ್ತಿನ ಉರಿಯೂತವಾದದ್ದನ್ನು ಮುಂಬೈಯ ವೈದ್ಯರು 2021ರಲ್ಲಿ ವರದಿ ಮಾಡಿದ್ದಾರೆ.

ಜಪಾನ್ ಕೂಡ ಪೆಟ್ಟು ತಿಂದೇ ಕಲಿತಿದೆ. ಯಕೃತ್ತಿನ ರೋಗಿಗಳಿಗೆ ಧಾರಾಳವಾಗಿ ಕೊಡುತ್ತಿದ್ದ ಶೋಸೈಕೋತೋ ಎಂಬ ಕಂಪೋ ಔಷಧಿ ಶ್ವಾಸಕೋಶಕ್ಕೆ ಹಾನಿ ಮಾಡಿ ಸಾವುಗಳಾದಾಗ, 1996ರಲ್ಲಿ ಸರ್ಕಾರವೇ ತುರ್ತು ಎಚ್ಚರಿಕೆ ಹೊರಡಿಸಿತು. ಕಿಮೋದಿಂದ ಬರುವ ಕೈಕಾಲಿನ ಜೋಮು ತಡೆಯುತ್ತದೆಂದು ನಂಬಿದ್ದ ಗೋಶಾಜಿಂಕಿಗನ್ ಅನ್ನು ಪರೀಕ್ಷೆಗೆ ಒಡ್ಡಿದಾಗ, ಅದನ್ನು ಸೇವಿಸಿದವರಲ್ಲೇ ಜೋಮು ಹೆಚ್ಚು ಕಂಡಿತು. ಪ್ರಯೋಗವನ್ನು ನಡುವೆಯೇ ನಿಲ್ಲಿಸಿ ಫಲಿತಾಂಶವನ್ನು ಪ್ರಕಟಿಸಿದರು. ತಮ್ಮದೇ ಪರಂಪರೆಯನ್ನು ಪರೀಕ್ಷಿಸಿ, ಸೋತದ್ದನ್ನು ಸೋತಿತೆಂದು ಹೇಳಿದ ಈ ಪ್ರಾಮಾಣಿಕತೆಯನ್ನು ನಾನು ತುಂಬ ಗೌರವಿಸುತ್ತೇನೆ.

ನಮ್ಮ ಊರಿನ ಆಸ್ಪತ್ರೆಗಳಿಗೂ ಇಲ್ಲಿಂದ ಒಂದು ಸಣ್ಣ ಪದ್ಧತಿಯನ್ನು ಒಯ್ಯಬಹುದು. ಇಲ್ಲಿ ರೋಗಿಗಳು ಔಷಧಿ ಪುಸ್ತಕವೊಂದನ್ನು ಇಟ್ಟುಕೊಳ್ಳುತ್ತಾರೆ. ಯಾವ ವೈದ್ಯರು ಬರೆದ ಯಾವ ಔಷಧಿಯೇ ಇರಲಿ, ಅಂಗಡಿಯ ಫಾರ್ಮಸಿಸ್ಟ್ ಅದರಲ್ಲಿ ದಾಖಲಿಸುತ್ತಾರೆ. ನಮ್ಮಲ್ಲಿ ಕಿಮೋ ಆರಂಭಿಸುವ ಮುನ್ನ ನರ್ಸ್ ಅಥವಾ ಆಯುರ್ವೇದ ವೈದ್ಯರೊಬ್ಬರು, ಗದರದೆ, ಮನೆಯಲ್ಲಿ ಏನೇನು ಕುಡಿಯುತ್ತಿದ್ದೀರಿ ಎಂದು ಕೇಳಿ ಫೈಲಿನಲ್ಲಿ ಬರೆದುಕೊಳ್ಳಲಿ. ಯಾವ ಮೂಲಿಕೆಗಳಿವೆ ಎಂದು ತಿಳಿಯದ ಪುಡಿಯನ್ನು ಚಿಕಿತ್ಸೆ ಮುಗಿಯುವವರೆಗೆ ನಿಲ್ಲಿಸುವಂತೆ ತಿಳಿಹೇಳಲಿ. ಸಾರಿಗೆ ಹಾಕುವ ಅರಿಶಿನಕ್ಕೆ ಯಾರೂ ಅಂಜಬೇಕಿಲ್ಲ. ಅರಿಶಿನದ ಸಾರವಾದ ಕರ್ಕ್ಯುಮಿನ್ ಗುಳಿಗೆಗಳನ್ನು ಮಾತ್ರ ತಮ್ಮ ಕ್ಯಾನ್ಸರ್ ವೈದ್ಯರನ್ನು ಕೇಳಿಯೇ ನುಂಗಬೇಕು.