ಖಾರ ತಿನ್ನೋರ ನಾಲಿಗೆ ಸತ್ತಿಲ್ಲ

ಖಾರದ ಬಗ್ಗೆ ಬರೆದ ಈ ಲೇಖನ ಚೆನ್ನಾಗಿದೆ, ಆದ್ರೆ ಅದರಲ್ಲಿರೋ ‘ಅತಿ ಖಾರ ತಿನ್ನುವವರ ನಾಲಿಗೆಯಲ್ಲಿ ರುಚಿಯೇ ಸತ್ತಿರುತ್ತದೆ’ ಅನ್ನೋ ಮಾತನ್ನ ಒಪ್ಪೋಕಾಗಲ್ಲ. ಖಾರ ರುಚಿಯೇ ಅಲ್ಲ ಸ್ವಾಮಿ, ಉರಿ. ಮೆಣಸಿನಕಾಯಿ ಹೆಚ್ಚಿದ ಕೈಯಲ್ಲಿ ಕಣ್ಣುಜ್ಜಿಕೊಂಡವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ, ಕಣ್ಣಿಗೆಲ್ಲಿಯ ರುಚಿ? ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಗೆ ಎಚ್ಚರಗೊಳ್ಳೋ ಗ್ರಾಹಕ, ಅಂದ್ರೆ ಬಿಸಿಯನ್ನ ಗುರುತಿಸೋ ಭಾಗ, ನಮ್ಮ ನರಗಳಲ್ಲಿದೆ. ಮೆಣಸಿನಕಾಯಿಗೆ ಖಾರ ಕೊಡೋ ಕ್ಯಾಪ್ಸೈಸಿನ್ ಅನ್ನೋ ರಾಸಾಯನಿಕ ಅದನ್ನೇ ಹೋಗಿ ತಟ್ಟುತ್ತೆ, ಮಿದುಳು ಬಾಯಿ ಸುಡ್ತಿದೆ ಅಂದ್ಕೊಳ್ಳುತ್ತೆ. 1997ರಲ್ಲಿ ಈ ಗ್ರಾಹಕವನ್ನ ಪತ್ತೆಹಚ್ಚಿದ ತಂಡದ ವಿಜ್ಞಾನಿ ಡೇವಿಡ್ ಜೂಲಿಯಸ್ ಅವರಿಗೆ 2021ರ ವೈದ್ಯಕೀಯ ನೊಬೆಲ್‌ನಲ್ಲಿ ಪಾಲು ಸಿಕ್ತು.

ಹಾಗಾದ್ರೆ ಕೆಲವರು ಅಷ್ಟೊಂದು ಖಾರ ಹೇಗೆ ತಿಂತಾರೆ? ಪದೇ ಪದೇ ತಟ್ಟಿಸಿಕೊಂಡ ಈ ಉರಿಯ ನರ ಮಂಕಾಗುತ್ತೆ. ನೋವಿನ ಮುಲಾಮುಗಳಿಗೆ ಕ್ಯಾಪ್ಸೈಸಿನ್ ಹಾಕೋದೂ ಇದೇ ಕಾರಣಕ್ಕೆ. ಹುಟ್ಟಿನಿಂದ ಬಂದ ವ್ಯತ್ಯಾಸವೂ ಒಂದಿಷ್ಟು ಇದೆ.

ಆದ್ರೆ ಅಷ್ಟಕ್ಕೇ ಮುಗಿಯಲ್ಲ. ನನ್ನ ತಮ್ಮನನ್ನೇ ನೋಡಿ. ಹಸಿಮೆಣಸಿನಕಾಯಿ ಕಚ್ಚಿದ ತಕ್ಷಣ ಹಣೆಯೆಲ್ಲಾ ಬೆವರು, ಮೂಗು ಸೊರಸೊರ, ಕಿವಿ ಕೆಂಪು. ಉರಿ ಅವನಿಗೂ ಆಗ್ತಿದೆ! ಆದ್ರೂ ಕೈ ಇನ್ನೊಂದು ಕಾಯಿಗೆ ಹೋಗುತ್ತೆ. ಮನಶ್ಶಾಸ್ತ್ರಜ್ಞ ಪಾಲ್ ರೋಜಿನ್ ಈ ಚಟವನ್ನ ಅಪಾಯವಿಲ್ಲದ ನೋವಿನ ಸುಖ ಅಂತ ನೋಡ್ತಾರೆ. ಮೈ ಕಿರುಚುತ್ತೆ, ಮನಸ್ಸಿಗೆ ಮಾತ್ರ ಏನೂ ಆಗಲ್ಲ ಅಂತ ಗೊತ್ತು.

ಇನ್ನು ಖಾರ ಹತ್ತಿದಾಗ ನೀರು ಕುಡಿಯಿರಿ ಅಂತ ಇಲ್ಲೊಬ್ಬರು ಬರೆದಿದ್ದಾರೆ. ಕ್ಯಾಪ್ಸೈಸಿನ್ ನೀರಲ್ಲಿ ಕರಗಲ್ಲ ಸಾರ್, ಹಾಲು ಕುಡೀರಿ.